ಅಳಿಲಮ್ಮನ ಅತ್ತಿಹಣ್ಣು

ಅಳಿಲಮ್ಮನಿಗೆ ಮಾಗಿದ ಅತ್ತಿಹಣ್ಣೊಂದು ಸಿಕ್ಕಿತು ನೋಡಿ, ತಾಯಿಯಿಲ್ಲದ ಯಾವುದಾದರೂ ಹಸಿದ ಮರಿಗೆ ಕೊಡೋಣವೆಂದು ಹೊರಟಳು.

ನವಿಲರಾಯ ಗರಿ ಬಿಚ್ಚಿ ಅಡ್ಡ ನಿಂತ. "ಇತ್ತ ಕೊಡಮ್ಮ! ಅನಾಥ ಮರಿಗಳ ಸಂಘಕ್ಕೆ ನಾನೇ ಅಧ್ಯಕ್ಷ. ನಿನಗೊಂದು ಸನ್ಮಾನ, ಆಮೇಲೆ ನನ್ನ ನೃತ್ಯ!"

"ಸಂತೋಷ ಸ್ವಾಮಿ. ಮರಿಗಳು ಯಾವ ಮರದಲ್ಲಿವೆ?"

"ಮರವೇ? ಅದನ್ನು ಮುಂದಿನ ಸಭೆಯಲ್ಲಿ ತಿಳಿಸುತ್ತೇವೆ."

ಅಷ್ಟರಲ್ಲಿ ಕಾಗೆಯೊಂದು ಕೊಕ್ಕಿನ ತುಂಬ ಹುಳು ಕಚ್ಚಿಕೊಂಡು ಹಾರಿತು. ಅಳಿಲಮ್ಮ ಹಿಂದೆಯೇ ಓಡಿ ಗೂಡಿಗೆ ಇಣುಕಿದರೆ, ಕಾಗೆಮರಿಗಳ ನಡುವೆ ಕೋಗಿಲೆಮರಿಯೊಂದು ಬಾಯಿ ತೆರೆದು ಕೂತಿದೆ!

"ಇದು ನಿನ್ನದಲ್ಲವಲ್ಲೇ, ಕಾಕಮ್ಮ?"

ಹುಳು ಹಂಚಿ ಮುಗಿಸಿದ ಕಾಗೆ ಗದರಿತು: "ಅದಕ್ಕೇನು ಹಸಿವಿಲ್ಲವೇ? ಮಾತು ಸಾಕು, ಹಣ್ಣು ಹಿಚುಕಿ ಹಾಕು!"

ಮರಿ ಗುಳುಂ ಎಂದು ನುಂಗಿ ಮತ್ತೆ ಬಾಯಿ ತೆರೆಯಿತು. ಕೊಟ್ಟದ್ದು ಹೊಟ್ಟೆ ಸೇರಿದ್ದನ್ನು ಕಣ್ಣಾರೆ ಕಂಡವರು ಸುಮ್ಮನೆ ಕೂರುತ್ತಾರೆಯೇ? ಅಳಿಲಮ್ಮ ಆಗಲೇ ಇನ್ನೊಂದು ಹಣ್ಣಿಗೆ ಓಡಿದ್ದಳು.