ಮತದಾರರ ಯಾದಿಯಲ್ಲಿ ಅವ್ವ

ದೇಶದ ಮೊದಲ ಚುನಾವಣೆಗೆ ಮತದಾರರ ಯಾದಿ ಸಿದ್ಧವಾಗುತ್ತಿದ್ದ ಕಾಲ. ಹೆಸರು ಬರೆದುಕೊಳ್ಳುವ ಗುಮಾಸ್ತನೊಬ್ಬ ಗೌಡರ ಪಡಸಾಲೆಗೆ ಬಂದು ಕುಳಿತ. ಹೆಸರಿಲ್ಲದವರಿಗೆ ಮತವಿಲ್ಲವೆಂಬುದು ಮೇಲಿನವರ ಕಟ್ಟಪ್ಪಣೆ. ಆ ಮನೆಯ ಏಳು ಹೆಂಗಸರ ಮತ ಅವನ ಲೇಖನಿಯ ತುದಿಯಲ್ಲಿತ್ತು.

“ನಮ್ಮ ಮನೀ ಹೆಣ್ಣುಮಕ್ಕಳ ಹೆಸರು ಸರಕಾರದ ಕಾಗದ ಏರೂದಿಲ್ಲ,” ಎಂದರು ಗೌಡರು. “ಗೌಡರ ತಾಯಿ, ಗೌಡರ ಹೆಂಡತಿ, ಹಿಂಗ ಬರಕೋ.”

“ಆಗಲಿರಿ ಗೌಡ್ರ. ಕಾಯ್ದೆ ಎಲ್ಲಾರಿಗೂ ಒಂದ. ನಿಮ್ಮನ್ನೂ ‘ಅವ್ವನ ಮಗ’ ಅಂತ ಬರಕೋತೀನಿ.”

ಗೌಡರ ಮೀಸೆ ಅದುರಿತು. “ಊರಾಗ ಎಲ್ಲಾರೂ ಅವ್ವನ ಮಕ್ಕಳ. ಅದರಾಗ ನಾ ಯಾರಂತ ಹೆಂಗ ತಿಳೀಬೇಕೋ?”

“ಖರೇ ಮಾತು ನೀವ ಹೇಳಿದ್ರಿ,” ಎಂದು ಗುಮಾಸ್ತ ಲೇಖನಿಯನ್ನು ಮಸಿಯಲ್ಲಿ ಅದ್ದಿದ. “ತಾಯಿಯವರ ಹೆಸರು?”

ಗೌಡರಿಗೆ ಆ ಹೆಸರೇ ಗೊತ್ತಿರಲಿಲ್ಲ. ಐವತ್ತು ವರ್ಷ ಅವ್ವ ಎಂದಷ್ಟೇ ಕರೆದಿದ್ದರು. ಕೊನೆಗೆ ಒಳಮನೆಯ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಅವ್ವಾ, ನಿನ್ನ ಹೆಸರೇನ?”

ಒಳಗೆ ಎಲೆ-ಅಡಿಕೆ ಕುಟ್ಟುವ ಸದ್ದು ನಿಂತಿತು.

“ಹಂಪವ್ವ.”

ಗುಮಾಸ್ತ ದುಂಡಗೆ ಬರೆದ. ಮುದುಕಿ ಸೆರಗು ಹೊದ್ದು ಹೊರಗೆ ಬಂದಳು. “ಏನಂತ ಬರದಿ, ಓದಪಾ.”

ಅವನು ಎದ್ದು ನಿಂತು ಓದಿದ. ತಾಲ್ಲೂಕಿನ ಅಧಿಕಾರಿ ಮಾಮಲೇದಾರರು ಬಂದರೂ ಏಳದ ಗೌಡರು ಆ ಹೊತ್ತಿಗಾಗಲೇ ಎದ್ದು ನಿಂತಿದ್ದರು.