ಬೀಳಲು ನಾಚಿದ ನೀರುನಾಯಿ

ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ನೀರುನಾಯಿಗಳು ವಾಸವಾಗಿದ್ದವು. ಅವುಗಳಲ್ಲಿ ದುಂಡ ಅಣ್ಣ, ಮಿಣಿ ತಂಗಿ. ಬೇರೆ ಕಡೆಯ ನೀರುನಾಯಿಗಳು ಮೀನು ಹಿಡಿದು, ತಿಂದು, ಮಲಗುತ್ತವೆ. ಇಲ್ಲಿಯವಕ್ಕೆ ಇನ್ನೊಂದು ಹುಚ್ಚಿತ್ತು. ಒಣಗಿದ ತೆಂಗಿನ ಗರಿಯ ದಪ್ಪ ಬುಡ, ಅಂದರೆ ಕೊತ್ತಳಿಗೆ ಇರುತ್ತದಲ್ಲ, ಅದನ್ನು ನೀರಿಗೆಳೆದು, ಅದರ ಮೇಲೆ ನಿಂತು ಅಲೆಯೇರಿ ದಡಕ್ಕೆ ಜಾರಿ ಬರುವುದು. ನೋಡಿದ್ದರೆ ನಿಮಗೂ ಆಸೆಯಾಗುತ್ತಿತ್ತು ಮಕ್ಕಳೇ, ನನಗಂತೂ ಈಗಲೇ ಆಗುತ್ತಿದೆ.

ಅಳಿವೆಯ ಬಾಯಲ್ಲಿದ್ದ ದೊಡ್ಡ ಬಂಡೆಯಾಚೆ ಏಳುವ ಅಲೆ ಮಾತ್ರ ಬೇರೆ. ಅದು ತೆಂಗಿನ ಮರದಷ್ಟು ಎತ್ತರ. ಎಲ್ಲರೂ ಅದನ್ನು ಗುಡ್ಡದಲೆ ಎನ್ನುತ್ತಿದ್ದರು. ಅದನ್ನು ಏರಬೇಕಾದರೆ ಮೊದಲು ದಡ ಕಾಯುವ ಮುದುಕಿ ಆಮೆಯಜ್ಜಿಯ ಮುಂದೆ ಕೊತ್ತಳಿಗೆಯಿಂದ ಬಿದ್ದು ತೋರಿಸಬೇಕು. ಹೌದು, ಬಿದ್ದು ತೋರಿಸಬೇಕು. ಅದು ಅಲ್ಲಿಯ ಪದ್ಧತಿ.

ಮಿಣಿ ದಿನವಿಡೀ ಬೀಳುತ್ತಿದ್ದಳು. ಬೇಕೆಂದೇ ಕೊತ್ತಳಿಗೆಯಿಂದ ಉರುಳಿ, ಉಸಿರು ಬಿಗಿಹಿಡಿದು, ಉಂಡೆಯಾಗಿ, ಅಲೆ ಬಿಡುವ ತನಕ ಸುಮ್ಮನಿರುತ್ತಿದ್ದಳು.

"ನೀರುನಾಯಿಯಾಗಿ ಹುಟ್ಟಿ ಮುಳುಗುವುದನ್ನು ಕಲಿಯುತ್ತೀಯಲ್ಲೇ" ಎಂದು ದುಂಡ ನಕ್ಕ.

"ಮುಳುಗುವುದಲ್ಲಣ್ಣ, ಬೀಳುವುದು. ನೀನೂ ಬಾ."

"ನಾನು ಇದುವರೆಗೆ ಬಿದ್ದೇ ಇಲ್ಲ. ಬೀಳದವನಿಗೆ ಅದೆಲ್ಲ ಯಾಕೆ?"

ನಿಜ ಹೇಳಬೇಕೆಂದರೆ ಅವನಿಗೆ ನಾಚಿಕೆ. ನಾಲ್ಕು ಜನರ ಎದುರು ಬಿದ್ದರೆ ಮರ್ಯಾದೆ ಮೂರು ಕಾಸಿಗೆ ಹರಾಜಾಗುತ್ತದೆ ಎಂದುಕೊಂಡಿದ್ದ.

ಒಂದು ಬೆಳಿಗ್ಗೆ ಆಮೆಯಜ್ಜಿ ಮರಳಿನಲ್ಲಿ ತೂಕಡಿಸುತ್ತಿದ್ದಳು. ದುಂಡ ಮೆಲ್ಲಗೆ ಕೊತ್ತಳಿಗೆ ಎಳೆದುಕೊಂಡು ಬಂಡೆ ದಾಟಿದ. ಗುಡ್ಡದಲೆ ಎದ್ದಿತು. ಅವನೂ ಎದ್ದು ನಿಂತ. ಮೇಲಿನಿಂದ ಹೊಳೆಯೂ ಕಡಲೂ ಒಟ್ಟಿಗೆ ಕಂಡವು. ಆ ಗಳಿಗೆಯಲ್ಲಿ ಅವನಷ್ಟು ಸುಖಿ ಯಾರೂ ಇರಲಿಲ್ಲ.

ಮರುಗಳಿಗೆಯೇ ಅಲೆ ಮಗುಚಿತು. ದುಂಡ ಬಿದ್ದ.

ನೀರಿನೊಳಗೆ ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಗಾಬರಿಯಿಂದ ಕೈಕಾಲು ಬಡಿದ. ಬಡಿದಷ್ಟೂ ಉಸಿರು ಖಾಲಿಯಾಯಿತು.

ದಡಕ್ಕೆ ಕೊತ್ತಳಿಗೆ ಒಂದೇ ತೇಲಿ ಬಂತು. ಅದನ್ನು ಕಂಡ ಮಿಣಿ ಆಮೆಯಜ್ಜಿಯನ್ನು ಎಬ್ಬಿಸಿದಳು.

"ಅಜ್ಜೀ, ಅವನಿಗೆ ಬೀಳಲು ಬರುವುದಿಲ್ಲ" ಎಂದವಳೇ ನೀರಿಗೆ ಹಾರಿದಳು.

ನೊರೆಯಡಿಯಲ್ಲಿ ಅಣ್ಣ ಸಿಕ್ಕ. ಅವನನ್ನು ಬಿಗಿಯಾಗಿ ತಬ್ಬಿ, ಒದೆಯಲು ಬಿಡದೆ, ಇಬ್ಬರೂ ಒಂದೇ ಉಂಡೆಯಾಗುವಂತೆ ಮುದುಡಿಕೊಂಡಳು. ಅಲೆ ಅವರನ್ನು ಉರುಳಿಸಿತು, ಇನ್ನೂ ಉರುಳಿಸಿತು, ಕೊನೆಗೆ ಸಾಕಾಗಿ ಬಿಟ್ಟುಬಿಟ್ಟಿತು. ಎರಡು ತಲೆಗಳು ಮೇಲೆ ಬಂದವು, ಇಬ್ಬರೂ ದಡ ಸೇರಿದರು.

"ಸದ್ಯ, ಬದುಕಿದೆಯಲ್ಲ ಮಗಾ" ಎಂದಳು ಆಮೆಯಜ್ಜಿ. ಬೈಯಬೇಕೆಂದಿದ್ದವಳು ಅವನ ತಲೆ ನೇವರಿಸಿದಳು. ಮಿಣಿ ಮೊದಲು ಅತ್ತಳು, ಆಮೇಲೆ ಅಣ್ಣನ ಬೆನ್ನಿಗೆ ಎರಡು ಗುದ್ದಿದಳು.

ದುಂಡ ಕೆಮ್ಮುತ್ತಾ ಕೇಳಿದ, "ಒಳಗೆ ನೀನು ಹೇಗೆ ಸುಮ್ಮನಿದ್ದೆ?"

"ಅಲೆ ಬಿಟ್ಟೇ ಬಿಡುತ್ತದೆ ಅಂತ ಗೊತ್ತಿತ್ತು. ಅಷ್ಟು ಸಲ ಬಿದ್ದಿದ್ದೀನಲ್ಲ."

"ಹಾಗಾದರೆ ನನಗೂ ಕಲಿಸು."

"ಎಲ್ಲರೂ ನೋಡುತ್ತಾರೆ."

"ನೋಡಲಿ ಬಿಡು. ಉಸಿರಾಡುವುದು ಎಷ್ಟು ಚೆನ್ನಾಗಿದೆ ಗೊತ್ತಾ!"

ಮುಂದೆ ಆಮೆಯಜ್ಜಿಯೇ ಒಪ್ಪಿದ ದಿನ ಅಣ್ಣ ತಂಗಿ ಇಬ್ಬರೂ ಗುಡ್ಡದಲೆ ಏರಿದರು. ಮಿಣಿ ದಡದ ತನಕ ಬಂದಳು. ದುಂಡ ಅರ್ಧದಲ್ಲೇ ಬಿದ್ದ. ಈ ಸಲ ಯಾರೂ ಗಾಬರಿಯಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ತಲೆ ಮೇಲೆದ್ದು, ತನ್ನ ಕೊತ್ತಳಿಗೆ ಎಲ್ಲಿ ಹೋಯಿತೆಂದು ಹುಡುಕತೊಡಗಿತು.

ನೀತಿ: ಎತ್ತರಕ್ಕೆ ಏರುವ ಆಸೆಯಿದ್ದವನು ಮೊದಲು ನಾಚದೆ ಬೀಳುವುದನ್ನು ಕಲಿಯಬೇಕು.