ಅರಿಶಿನ ಮೆತ್ತಿಕೊಂಡ ಮೂಗು

ಜಟಕಾ ಕುದುರೆ ಚಾಂದಿಯ ಬಿಳಿ ಮೂಗು ಬಿಸಿಲಿಗೆ ಸುಟ್ಟು ಸಿಪ್ಪೆ ಏಳತೊಡಗಿತು. ಯಜಮಾನ ದಸ್ತಗೀರ್ ಸಾಹೇಬರು ದಿನಾ ಅದಕ್ಕೆ ಅರಿಶಿನ ಮೆತ್ತಿದರು. ಕುದುರೆ ಮೇವು ಬಿಟ್ಟು ಮಂಕಾಯಿತು. ಅದರ ಕಣ್ಣೂ ಹಳದಿಯಾದಾಗ, "ಅರಿಶಿನ ತಗುಲಿದೆ" ಎಂದು ಒದ್ದೆ ಬಟ್ಟೆಯಲ್ಲಿ ಒರೆಸಿದರು.

ಮೂಗು ಬೀಗಿತು: "ಈ ಮೈಯಲ್ಲಿ ಕಾಯಿಲೆ ನನಗೊಂದಕ್ಕೇ. ಆರೈಕೆಯೂ ನನಗೇ!"

ಒಳಗಿದ್ದ ಯಕೃತ್ತು ಏದುಸಿರು ಬಿಡುತ್ತ ದುಡಿಯಿತು.

ಕೊನೆಗೆ ಬಂದ ಪಶುವೈದ್ಯೆ ಮೂಗಿನತ್ತ ನೋಡಲೇ ಇಲ್ಲ. ಕುದುರೆಯ ತುಟಿ ಎತ್ತಿ ಕೇಳಿದರು: "ಸಾಹೇಬ್ರೇ, ಒಸಡಿಗೂ ಅರಿಶಿನ ಹಚ್ಚಿದ್ರಾ?"

"ಇಲ್ಲಮ್ಮ."

"ಹಾಗಾದ್ರೆ ಈ ಹಳದಿ ಒಳಗಿಂದ ಬಂದದ್ದು."

ರಕ್ತಪರೀಕ್ಷೆಯೂ ಯಕೃತ್ತಿನ ಕಡೆಗೇ ಬೆರಳು ತೋರಿಸಿತು. "ಯಕೃತ್ತು ಕೆಟ್ರೆ ಬಿಳಿ ಚರ್ಮ ಬಿಸಿಲು ತಾಳದೆ ಸುಡುತ್ತೆ," ಎಂದ ವೈದ್ಯೆ ವಿಷದ ಕಳೆ ಬೆರೆತ ಹುಲ್ಲನ್ನೆಲ್ಲ ಎಸೆಸಿದರು, ಹಿಂಡಿ ನಿಲ್ಲಿಸಿದರು, ಕುದುರೆಯನ್ನು ನೆರಳಿಗೆ ಕಟ್ಟಿಸಿದರು.

ಚಾಂದಿ ಮತ್ತೆ ಮೇವಿಗೆ ಬಾಯಿ ಹಾಕಿದ ದಿನ ಮೂಗು ಸಿಡುಕಿತು: "ಕಾಯಿಲೆ ನಿನ್ನದಂತೆ. ಮೊದಲೇ ಹೇಳಬಾರದಿತ್ತೇ?"

"ನನಗೆ ಬಾಯಿಲ್ಲ. ಹೇಳಲೆಂದೇ ನಿನ್ನನ್ನು ಸುಟ್ಟೆ," ಎಂದಿತು ಯಕೃತ್ತು. "ನೀನು ನೋಡಿದರೆ, ಅರಿಶಿನ ಹಚ್ಚಿಸಿಕೊಂಡು ಮದುಮಗಳ ಹಾಗೆ ಕೂತುಬಿಟ್ಟೆ!"